ಬಜೆಟ್‌ನಲ್ಲಿ ಸಂಬಳದ ಸಾಲು

ಸಣ್ಣ ಸಂಸ್ಥೆಗಳು ಅನುದಾನ ಕೇಳಿ ಹಾಕುವ ಅರ್ಜಿಗಳನ್ನು ಓದುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ದೊಡ್ಡ ಹುದ್ದೆಯೇನಲ್ಲ. ಚಿಕ್ಕದೊಂದು ನಿಧಿ, ಅದಕ್ಕೊಂದು ಸಮಿತಿ, ಸಮಿತಿಯಲ್ಲಿ ಪುರುಸೊತ್ತು ಮಾಡಿಕೊಂಡು ಬರುವ ನಾಲ್ಕೈದು ಜನ. ಓದಿ ಓದಿ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಮೊದಲ ಪುಟ ಬಿಟ್ಟು ಸೀದಾ ಬಜೆಟ್ ಪುಟಕ್ಕೆ ಹೋಗುತ್ತೇನೆ. ಮೊದಲ ಪುಟದಲ್ಲಿ ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ಸಬಲೀಕರಣ, ಸರ್ವಾಂಗೀಣ ಬೆಳವಣಿಗೆ, ಮುಖ್ಯವಾಹಿನಿ... ಈ ಮಾತುಗಳು ಇಲ್ಲದ ಅರ್ಜಿ ಅಪರೂಪ. ಸಂಸ್ಥೆ ನಿಜಕ್ಕೂ ಏನು ಮಾಡಲು ಹೊರಟಿದೆ ಅನ್ನೋದು ತಿಳಿಯುವುದು ಬಜೆಟ್‌ನಲ್ಲೇ.

ಬಜೆಟ್ ಪುಟದಲ್ಲಿ ಸಮಿತಿಯ ಪೆನ್ಸಿಲ್ ಎಲ್ಲಿ ನಿಲ್ಲುತ್ತದೆ ಅಂತ ಗಮನಿಸುವುದು ಒಂದು ಮಜಾ. ಕಂಪ್ಯೂಟರ್ ನಾಲ್ಕು, ಸರಿ. ಆಟದ ಸಾಮಾನು, ಸರಿ. ಗಾಲಿಕುರ್ಚಿ, ಸರಿ, ಇನ್ನೂ ಎರಡು ಜಾಸ್ತಿ ಕೊಡೋಣವಾ? ಗೋಡೆಗೆ ಬಣ್ಣ, ಸರಿ. ಆಮೇಲೆ ಬರುತ್ತದೆ ಸಂಬಳದ ಸಾಲು. ಪೆನ್ಸಿಲ್ ಅಲ್ಲಿ ಗಕ್ಕನೆ ನಿಲ್ಲುತ್ತದೆ. 'ಇಷ್ಟು ದುಡ್ಡು ಸಂಬಳಕ್ಕೇ ಹೋಗಿಬಿಟ್ರೆ ಮಕ್ಕಳಿಗೆ ಏನು ಸಿಗುತ್ತೆ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳುವವರು ಕೆಟ್ಟವರಲ್ಲ. ದಾನಿಗಳ ಹಣಕ್ಕೆ ಲೆಕ್ಕ ಕೊಡಬೇಕಾದವರು. ಆದರೆ ಆ ಪ್ರಶ್ನೆ ಬಂದಾಗಲೆಲ್ಲ ನನಗೆ ಹೇಳಬೇಕು ಅನ್ನಿಸುವುದು ಇಷ್ಟೇ: ಮಕ್ಕಳಿಗೆ ಸಿಗುವುದು ಆ ಸಂಬಳ ಪಡೆಯುವ ಮನುಷ್ಯನೇ.

ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರು ಹಗಲು ಹೊತ್ತು ಕಳೆಯುವ ಒಂದು ಕೇಂದ್ರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಇಂಥ ಕಡೆ ಭೇಟಿಗೆ ಹೋದರೆ ಮೊದಲು ತೋರಿಸುವುದು ಹೊಸ ಸಾಮಾನನ್ನು. ಯಂತ್ರ, ಟೇಬಲ್, ಗೋಡೆಗೆ ಬಡಿದಿರುವ ದಾನಿಗಳ ಫಲಕ. ಅದೆಲ್ಲ ನೋಡಿ ಮುಗಿದ ಮೇಲೆ ಒಂದು ಮೂಲೆಯಲ್ಲಿ ಕುಳಿತರೆ ಕಾಣುವುದೇ ಬೇರೆ. ನಡುವಯಸ್ಸಿನ ಒಬ್ಬರು ಬಾಗಿಲ ಹತ್ತಿರ ನಿಂತಿದ್ದಾರೆ, ಒಳಗೆ ಬರಲು ಒಲ್ಲರು. ಕೆಲಸದ ಹೆಂಗಸು ಎದ್ದು ಹೋಗುತ್ತಾರೆ. ಕೈ ಹಿಡಿದು ಎಳೆಯುವುದಿಲ್ಲ, ಬನ್ನಿ ಅಂತಲೂ ಕರೆಯುವುದಿಲ್ಲ. ಪಕ್ಕದಲ್ಲಿ ಸುಮ್ನೆ ನಿಲ್ಲುತ್ತಾರೆ. ಆತನ ಅಂಗಿಯ ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕುತ್ತಾರೆ. ಹೀಗೆ ಸ್ವಲ್ಪ ಹೊತ್ತು. ಆಮೇಲೆ ಇಬ್ಬರೂ ಒಟ್ಟಿಗೆ ಒಳಗೆ ಬರುತ್ತಾರೆ. ಗುಂಡಿಯ ಈ ಉಪಾಯ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿದ್ದಲ್ಲ. ಆ ಒಬ್ಬ ಮನುಷ್ಯನ ಜೊತೆ ದಿನಗಟ್ಟಲೆ ಇದ್ದು ಕಂಡುಕೊಂಡಿದ್ದು. ಆಕೆ ಕೆಲಸ ಬಿಟ್ಟು ಹೋದ ದಿನ ಆ ಉಪಾಯವೂ ಹೋಗುತ್ತದೆ. ಹೊಸಬರು ಬಂದು ಮೊದಲಿನಿಂದ ಶುರು ಮಾಡಬೇಕು. ಆತ ಮತ್ತೆ ಬಾಗಿಲಲ್ಲೇ ನಿಲ್ಲುತ್ತಾನೆ.

ವರದಿಯಲ್ಲಿ ಇದನ್ನು ಎಲ್ಲಿ ಬರೆಯುವುದು? ಫಲಾನುಭವಿಗಳ ಸಂಖ್ಯೆ ಅನ್ನುವ ಕಾಲಂನಲ್ಲಿ ಆತ 1. ಅಷ್ಟೇ.

ಮುಖ ಬದಲಾಗದೆ ಇರುವುದು ಎಷ್ಟು ಮುಖ್ಯ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ರೊಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಸೆಸ್ಕು ಆಡಳಿತ ಬಿದ್ದಾಗ ಅನಾಥಾಲಯಗಳ ಒಳಗಿನ ಸ್ಥಿತಿ ಹೊರಜಗತ್ತಿಗೆ ಕಾಣಿಸಿತು. ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಸಂಸ್ಥೆಗಳಲ್ಲಿ ಬೆಳೆಯುತ್ತಿದ್ದರು. ಮಂಚಗಳಿದ್ದವು, ಕಟ್ಟಡಗಳಿದ್ದವು. ನೋಡಿಕೊಳ್ಳುವವರು ಪಾಳಿ ಮೇಲೆ ಬಂದು ಹೋಗುತ್ತಿದ್ದರು. ಒಂದು ಮಗುವಿಗೆ ತನ್ನವರು ಅನ್ನಿಸುವ ಒಬ್ಬರು ಇರಲಿಲ್ಲ. 2000ರಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅಮೆರಿಕನ್ ಸಂಶೋಧಕರು ಬುಕಾರೆಸ್ಟ್‌ನಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಅದಕ್ಕೆ ಹಣ ಕೊಟ್ಟಿದ್ದು ಮೆಕಾರ್ಥರ್ ಫೌಂಡೇಶನ್. ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಸಾಕು ಕುಟುಂಬಗಳಿಗೆ ಕಳಿಸಿದರು. ಉಳಿದವರಿಗೆ ಮೊದಲಿನ ವ್ಯವಸ್ಥೆಯೇ ಮುಂದುವರಿಯಿತು. ಉಳಿದ ಮಕ್ಕಳ ವಿಷಯದಲ್ಲಿ ಇದು ನ್ಯಾಯವೇ ಅಂತ ಆಗಲೂ ಚರ್ಚೆಯಾಯಿತು, ಈಗಲೂ ಆಗುತ್ತದೆ. ಆಗಬೇಕಾದ್ದೇ.

ಫಲಿತಾಂಶ 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕುಟುಂಬಕ್ಕೆ ಹೋದ ಮಕ್ಕಳ ಐಕ್ಯೂ ಸರಾಸರಿ ಸುಮಾರು 8 ಅಂಶ ಮೇಲಿತ್ತು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಲಾಭ ಇನ್ನೂ ಜಾಸ್ತಿ. ಈ ಅಂಕಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನ್ನ ಕಣ್ಣಿಗೆ ಬಿದ್ದಿದ್ದು ಅದರ ಹಿಂದಿನ ಖರ್ಚಿನ ಲೆಕ್ಕ. ಆಗ ಬುಕಾರೆಸ್ಟ್‌ನಲ್ಲಿ ಸಾಕು ಕುಟುಂಬದ ವ್ಯವಸ್ಥೆಯೇ ಹೆಚ್ಚುಕಡಿಮೆ ಇರಲಿಲ್ಲ. ಯೋಜನೆಯವರೇ ಕುಟುಂಬಗಳನ್ನು ಹುಡುಕಬೇಕಾಯಿತು, ತರಬೇತಿ ಕೊಡಬೇಕಾಯಿತು, ಸಾಕುವವರಿಗೆ ಹಣ ಕೊಡಬೇಕಾಯಿತು. ಮನೆಗಳಿಗೆ ಹೋಗಿ ಬರುವ ಸಮಾಜ ಕಾರ್ಯಕರ್ತರಿಗೆ ಸಂಬಳ ಕೊಡಬೇಕಾಯಿತು. ಅಂದರೆ ಆ ಅನುದಾನದ ದೊಡ್ಡ ಪಾಲು ಹೋಗಿದ್ದು ಮನುಷ್ಯರಿಗೆ. ಇದೇ ಬಜೆಟ್ ನಮ್ಮ ಸಮಿತಿಯ ಮುಂದೆ ಬಂದಿದ್ದರೆ ಪೆನ್ಸಿಲ್ ಎಲ್ಲಿ ನಿಲ್ಲುತ್ತಿತ್ತು ಅಂತ ಯೋಚಿಸುತ್ತೇನೆ.

ಈ ಹಣ ಎಲ್ಲಿಂದ ಬರುತ್ತದೆ, ಅದಕ್ಕೆ ಕಟ್ಟುಪಾಡು ಯಾರು ಹಾಕುತ್ತಾರೆ ಅನ್ನೋದನ್ನೂ ಸ್ವಲ್ಪ ನೋಡಬೇಕು. ಇಂಗ್ಲೆಂಡಿನಲ್ಲಿ 1601ರಲ್ಲಿ ಒಂದು ಕಾನೂನು ಬಂತು. ದಾನದ ಹಣ ದುರುಪಯೋಗ ಆಗಬಾರದು ಅನ್ನೋದು ಅದರ ಉದ್ದೇಶ. ಯಾವುದು ದಾನದ ಕೆಲಸ ಅಂತ ಅದರ ಪೀಠಿಕೆಯಲ್ಲೊಂದು ಪಟ್ಟಿ ಇದೆ. ಅಶಕ್ತರು, ವೃದ್ಧರು, ಬಡವರು, ಗಾಯಗೊಂಡ ಸೈನಿಕರು, ಅನಾಥ ಮಕ್ಕಳ ಶಿಕ್ಷಣ, ಬಡ ಹುಡುಗಿಯರ ಮದುವೆ. ಜೊತೆಗೆ ಸೇತುವೆ ರಿಪೇರಿಯೂ ಉಂಟು! ನಾನೂರು ವರ್ಷ ದಾಟಿದ ಮೇಲೂ ಹಲವು ದೇಶಗಳ ದತ್ತಿ ಕಾನೂನಿನ ಬೇರು ಅಲ್ಲೇ ಇದೆ.

ದಾನಿ ಹಾಕಿದ ಷರತ್ತು ದಾನಿಗಿಂತ ಜಾಸ್ತಿ ಕಾಲ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಮೇಯರ್ ಆಗಿದ್ದ ಬ್ರಯನ್ ಮುಲ್ಲನ್‌ಫಿ ಎಂಬುವರು 1851ರಲ್ಲಿ ತೀರಿಕೊಂಡರು. ತಮ್ಮ ಆಸ್ತಿಯ ಮೂರನೇ ಒಂದು ಭಾಗವನ್ನು, ಪಶ್ಚಿಮದಲ್ಲಿ ನೆಲೆಸಲು ಆ ನಗರದ ಮೂಲಕ ಹೋಗುವ ಬಡ ವಲಸಿಗರಿಗಾಗಿ ಬರೆದಿಟ್ಟಿದ್ದರು. ಬರೆದಾಗ ಅದು ಅರ್ಥವಿದ್ದ ದಾನವೇ. ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟವರು ದಿನಾ ಬರುತ್ತಿದ್ದರು. ಆಮೇಲೆ ರೈಲು ಬಂತು, ವಲಸೆಯ ಭರಾಟೆ ಮುಗಿಯಿತು. ಹಣ ಇದೆ, ಪಡೆಯುವವರಿಲ್ಲ. ಪಕ್ಕದ ಬೀದಿಯಲ್ಲಿ ಹಸಿದವರಿದ್ದರೆ ಅವರಿಗೆ ಕೊಡುವಂತಿಲ್ಲ, ಯಾಕೆಂದರೆ ಅವರು ಪಶ್ಚಿಮಕ್ಕೆ ಹೊರಟವರಲ್ಲ.

ಹೀಗೆ ಸತ್ತವರ ಇಷ್ಟಕ್ಕೆ ಕಟ್ಟುಬಿದ್ದ ಹಣದ ವಿಷಯ ಕ್ಲೀವ್‌ಲ್ಯಾಂಡ್‌ನ ಬ್ಯಾಂಕರ್ ಫ್ರೆಡರಿಕ್ ಗಾಫ್ ಅವರ ತಲೆ ಕೊರೆಯುತ್ತಿತ್ತು. 1914ರಲ್ಲಿ ಅವರು ಕ್ಲೀವ್‌ಲ್ಯಾಂಡ್ ಫೌಂಡೇಶನ್ ಶುರು ಮಾಡಿದರು. ಹಲವರ ದಾನ ಒಂದೇ ನಿಧಿಗೆ ಬರಬೇಕು, ಆಯಾ ಕಾಲಕ್ಕೆ ಊರಿಗೆ ಏನು ಬೇಕು ಅಂತ ಅಲ್ಲಿಯ ಸಮಿತಿಯೇ ನಿರ್ಧರಿಸಬೇಕು ಅನ್ನೋದು ಯೋಚನೆ. ಸಮುದಾಯ ಪ್ರತಿಷ್ಠಾನ ಅಂತ ಈಗ ಕರೆಯುವ ಸಂಸ್ಥೆಗಳಲ್ಲಿ ಇದೇ ಮೊದಲನೆಯದು. ಸ್ಥಳೀಯ ಯೋಜನೆಗಳಿಗೆ ಸಣ್ಣ ಅನುದಾನ ಕೊಡುವ ಎಷ್ಟೋ ನಿಧಿಗಳು ಇವತ್ತು ನಡೆಯುತ್ತಿರುವುದು ಈ ಮಾದರಿಯಲ್ಲಿ. ನನಗೆ ಇದು ಇಷ್ಟ. ಹತ್ತಿರದಲ್ಲಿ ಇದ್ದವರಿಗೆ ಯಾವ ಸಂಸ್ಥೆ ಬರೀ ಬೋರ್ಡ್ ಹಾಕಿಕೊಂಡಿದೆ, ಯಾವುದು ನಿಜವಾಗಿ ಬಾಗಿಲು ತೆಗೆಯುತ್ತದೆ ಅನ್ನೋದು ಗೊತ್ತಿರುತ್ತದೆ. ಹಾಗಂತ ಹತ್ತಿರದವರು ನಿರ್ಧರಿಸಿದರೆ ಎಲ್ಲ ಸರಿ ಅಂತಲೂ ಅಲ್ಲ. ಗುರುತಿನವರ ಅರ್ಜಿಗೆ ಬೇಗ ಒಪ್ಪಿಗೆ ಸಿಗುತ್ತದೆ. ಊರಿಗೆ ಹಿಡಿಸದ ಜನ ಇರುತ್ತಾರಲ್ಲ, ಜೈಲಿನಿಂದ ಬಂದವರು, ಕುಡಿತದ ಚಟಕ್ಕೆ ಬಿದ್ದವರು, ಮಾನಸಿಕ ಕಾಯಿಲೆಯಿಂದ ಬೀದಿಗೆ ಬಂದವರು, ಅವರ ಪರವಾಗಿ ಬಂದ ಅರ್ಜಿ ಕೆಳಗೆ ಉಳಿಯುತ್ತದೆ. ಮಕ್ಕಳ ಫೋಟೋ ಇರುವ ಅರ್ಜಿ ಮೇಲೆ ಬರುತ್ತದೆ. ನಲವತ್ತು ದಾಟಿದ, ಹಲ್ಲು ಉದುರಿದ, ಸಿಡುಕುವ ಮನುಷ್ಯನ ಮೇಲೆ ಯಾರಿಗೂ ಅಷ್ಟು ಬೇಗ ಕರುಣೆ ಹುಟ್ಟುವುದಿಲ್ಲ.

ಸರ್ಕಾರಗಳೂ ಹಣಕ್ಕೆ ದಾರಿ ಹಾಕಿವೆ. ಅಮೆರಿಕದ ಖಾಸಗಿ ಫೌಂಡೇಶನ್‌ಗಳು ವರ್ಷಕ್ಕೆ ತಮ್ಮ ಆಸ್ತಿಯ ಸುಮಾರು ಶೇ 5ರಷ್ಟನ್ನು ದಾನದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. ಸಿಎಸ್‌ಆರ್ ಅಂತ ಎಲ್ಲರ ಬಾಯಲ್ಲಿರುವುದು ಇದೇ. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಕಾನೂನಿದೆ. ಅದಕ್ಕೆ 2020ರಲ್ಲಿ ತಿದ್ದುಪಡಿ ಆಗಿ, ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದೂ ನಿಂತಿತು. ಹಣ ಕೈಬದಲಾಗುತ್ತಾ ಹೋದರೆ ಲೆಕ್ಕ ಸಿಗುವುದಿಲ್ಲ ಅನ್ನುವ ವಾದದಲ್ಲಿ ಹುರುಳಿದೆ. ಆದರೆ ಇಂಗ್ಲಿಷಿನಲ್ಲಿ ಪ್ರಪೋಸಲ್ ಬರೆಯಲು ಬಾರದ, ವಿದೇಶದಲ್ಲಿ ಯಾರ ಪರಿಚಯವೂ ಇಲ್ಲದ ಪುಟ್ಟ ಸಂಸ್ಥೆಗೆ ಹಣ ತಲುಪುತ್ತಿದ್ದುದು ದೊಡ್ಡ ಸಂಸ್ಥೆಯ ಮೂಲಕವೇ. ಆ ದಾರಿ ಮುಚ್ಚಿಹೋಯಿತು.

ಆಡಳಿತ ವೆಚ್ಚದ ವಿಷಯಕ್ಕೆ ಬಂದೆವಲ್ಲ, ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಓವರ್‌ಹೆಡ್, ಅಂದರೆ ಈ ಆಡಳಿತ ವೆಚ್ಚ, ಕಡಿಮೆ ಇದ್ದಷ್ಟೂ ಸಂಸ್ಥೆ ಒಳ್ಳೆಯದು ಅಂತ ದಾನಿಗಳು ನಂಬುತ್ತಾರೆ. ಸಂಸ್ಥೆಗಳಿಗೂ ಅದು ಗೊತ್ತು. ಹಾಗಾಗಿ ಕಡಿಮೆ ತೋರಿಸುತ್ತವೆ. ತೋರಿಸಿದಷ್ಟರಲ್ಲೇ ನಡೆಸಲು ಹೋಗಿ ಲೆಕ್ಕಪತ್ರ ನೋಡುವವರನ್ನು ತೆಗೆಯುತ್ತವೆ, ತರಬೇತಿ ನಿಲ್ಲಿಸುತ್ತವೆ, ಹಳೇ ಕಂಪ್ಯೂಟರಿಗೆ ಜೋತುಬೀಳುತ್ತವೆ. ಮುಂದಿನ ವರ್ಷ ದಾನಿಗಳು 'ಇಷ್ಟರಲ್ಲೇ ಆಯಿತಲ್ಲ, ಇನ್ನೂ ಕಡಿಮೆ ಮಾಡಿ' ಅನ್ನುತ್ತಾರೆ. 2009ರಲ್ಲಿ ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೊವಾರ್ಡ್ ಎಂಬಿಬ್ಬರು ಒಂದು ಲೇಖನದಲ್ಲಿ ಇದನ್ನು ಹಸಿವಿನ ಚಕ್ರ ಅಂತ ಕರೆದರು. ಅದನ್ನು ಓದಿದಾಗ ನನಗೆ ಗುರುತಿನವರ ಮನೆಯ ಕಥೆ ಓದಿದಂತಾಯಿತು.

ಮಕ್ಕಳ ಮತ್ತು ಅಶಕ್ತ ವಯಸ್ಕರ ಯೋಜನೆಗಳಲ್ಲಿ ಈ ಚಕ್ರ ಅಪಾಯಕ್ಕೇ ದಾರಿ. ಒಂದು ಮಗುವಿನ ಜೊತೆ ಕೆಲಸ ಮಾಡುವವರನ್ನು ಸೇರಿಸಿಕೊಳ್ಳುವ ಮೊದಲು ಅವರ ಹಿನ್ನೆಲೆ ವಿಚಾರಿಸಬೇಕು. ಹಿಂದಿನ ಕಡೆಗೆ ಫೋನ್ ಮಾಡಿ ಯಾಕೆ ಬಿಟ್ಟರು ಅಂತ ಕೇಳಬೇಕು. ಪೊಲೀಸ್ ವೆರಿಫಿಕೇಶನ್ ಆಗಬೇಕು. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು ಅನ್ನುವ ನಿಯಮ ಇಟ್ಟರೆ, ಒಬ್ಬರ ಬದಲು ಇಬ್ಬರು ಬೇಕು. ಮಗು ಏನಾದರೂ ಹೇಳಿದರೆ ಯಾರಿಗೆ ಹೇಳಬೇಕು, ಅದನ್ನು ಹೇಗೆ ಬರೆದಿಡಬೇಕು, ಆ ಕಡತ ಎಲ್ಲಿ ಬೀಗ ಹಾಕಿ ಇಡಬೇಕು, ಇದನ್ನೆಲ್ಲ ವರ್ಷ ವರ್ಷ ಹೇಳಿಕೊಡಬೇಕು. ಈ ಕೆಲಸಗಳಲ್ಲಿ ಒಂದಕ್ಕಾದರೂ ಬಜೆಟ್‌ನಲ್ಲಿ ಚಂದದ ಹೆಸರಿದೆಯಾ? ಎಲ್ಲವೂ ಹೋಗಿ ಸೇರುವುದು ಆಡಳಿತ ವೆಚ್ಚಕ್ಕೆ. ಆ ಸಾಲಿಗೆ ಕತ್ತರಿ ಹಾಕಿದಾಗ ಮೊದಲು ಹೋಗುವುದು ಎರಡನೆಯ ವ್ಯಕ್ತಿ. ಮಕ್ಕಳ ಸುರಕ್ಷತೆಗೆ ನೀವು ಏನು ಮಾಡಿದ್ದೀರಿ ಅಂತ ಅರ್ಜಿಯ ಆರನೇ ಪುಟದಲ್ಲಿ ಗದರಿಸಿ ಕೇಳುವ ನಿಧಿಗಳೇ ಒಂಬತ್ತನೇ ಪುಟದಲ್ಲಿ ಆ ಖರ್ಚನ್ನು ಹೊಡೆದುಹಾಕುವುದನ್ನು ನೋಡಿದ್ದೇನೆ.

ಫೋಟೋ ವಿಷಯವೂ ಹೀಗೇ. ಕಂತು ಬಿಡುಗಡೆ ಆಗಬೇಕಾದರೆ ಚಟುವಟಿಕೆಯ ಫೋಟೋ ಕಳಿಸಿ ಅನ್ನುತ್ತಾರೆ. ದೌರ್ಜನ್ಯದಿಂದ ತಪ್ಪಿಸಿಕೊಂಡು ಬಂದ ಹುಡುಗಿ, ತಾನು ಎಲ್ಲಿದ್ದೇನೆ ಅಂತ ಯಾರಿಗೂ ತಿಳಿಯಬಾರದು ಅನ್ನುವ ಹೆಂಗಸು, ಒಪ್ಪಿಗೆ ಕೊಟ್ಟೆ ಅನ್ನೋದರ ಅರ್ಥವೇ ಗೊತ್ತಾಗದ ವ್ಯಕ್ತಿ. ಇವರ ಫೋಟೋ ಯಾರ ವಾರ್ಷಿಕ ವರದಿಯ ಮುಖಪುಟಕ್ಕೆ? ಒಂದು ಸಂಸ್ಥೆಯವರು ಮುಖದ ಬದಲು ಮಕ್ಕಳು ಕಟ್ಟಿದ ಮಣ್ಣಿನ ಆಕೃತಿಗಳ ಫೋಟೋ ಕಳಿಸಿದ್ದರು. ನನಗಂತೂ ಅದೇ ಸಾಕಾಯಿತು. ಎಲ್ಲರಿಗೂ ಸಾಕಾಗಲಿಲ್ಲ, ಅದು ಬೇರೆ ಮಾತು.

ಇತ್ತೀಚೆಗೆ ದೊಡ್ಡ ದಾನಿಗಳಲ್ಲಿ ಕೆಲವರು ದಾರಿ ಬದಲಿಸಿದ್ದಾರೆ ಅನ್ನೋದೂ ನಿಜ. ಫೋರ್ಡ್ ಫೌಂಡೇಶನ್ 2015ರಲ್ಲಿ ತನ್ನ ಯೋಜನಾ ಅನುದಾನಗಳಲ್ಲಿ ಓವರ್‌ಹೆಡ್‌ಗೆ ಕೊಡುವ ಪಾಲನ್ನು ದುಪ್ಪಟ್ಟು ಮಾಡಿ ಶೇ 20ಕ್ಕೆ ಏರಿಸಿತು. ಮರುವರ್ಷ ಐದು ವರ್ಷಗಳ ಅವಧಿಯ, ಸಂಸ್ಥೆ ತನಗೆ ಬೇಕಾದಂತೆ ಬಳಸಬಹುದಾದ ಅನುದಾನಗಳನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿತು. ಅಮೆರಿಕದ ಶ್ರೀಮಂತ ದಾನಿ ಮೆಕೆಂಝಿ ಸ್ಕಾಟ್ 2020ರಿಂದ ಕೊಡುತ್ತಿರುವ ಹಣಕ್ಕೆ ಇಂಥದ್ದಕ್ಕೇ ಖರ್ಚು ಮಾಡಿ ಅನ್ನುವ ಷರತ್ತು ಇಲ್ಲದಿರುವುದೇ ಹೆಚ್ಚು. ಇದರಿಂದ ಹಣ ಪೋಲಾಗುತ್ತದೆ ಅಂತ ಹೆದರಿದವರಿದ್ದರು. ಹಣ ಪಡೆದವರು ಹಲವರು ಮೊದಲು ಮಾಡಿದ್ದು ಮಾತ್ರ ಸಪ್ಪೆ ಕೆಲಸವನ್ನೇ. ಆಪತ್ತಿಗೆ ಅಂತ ಒಂದಿಷ್ಟು ತೆಗೆದಿಟ್ಟರು, ಸಿಬ್ಬಂದಿಯ ಸಂಬಳ ಸರಿ ಮಾಡಿದರು.

ಇಷ್ಟು ಹೇಳಿದ ಮೇಲೆ ಸಣ್ಣ, ಒಂದೇ ಸಲದ ಅನುದಾನ ಪ್ರಯೋಜನವಿಲ್ಲ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅದು ಮಾಡುವ ಕೆಲಸ ಬೇರೆ. ಹೊಸದೊಂದು ಯೋಚನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಸರ್ಕಾರ ಪುರಾವೆ ಕೇಳುತ್ತದೆ. ಪುರಾವೆ ಬೇಕಾದರೆ ಮಾಡಿ ನೋಡಬೇಕು. ಆ ಮಾಡಿ ನೋಡುವ ಹಣ ಕೊಡುವ ಧೈರ್ಯ ಇರುವುದು ದಾನದ ನಿಧಿಗೇ.

1948ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಟಾಸ್ಮಾ ಎಂಬ, ಪೋಲೆಂಡಿನಿಂದ ಬಂದಿದ್ದ ಯಹೂದಿಯೊಬ್ಬರು ಕ್ಯಾನ್ಸರ್‌ನಿಂದ ಸಾಯುತ್ತಿದ್ದರು. ನೋಡಿಕೊಳ್ಳಲು ತಮ್ಮವರು ಅಂತ ಯಾರೂ ಇಲ್ಲ. ಅವರನ್ನು ನೋಡಲು ಬರುತ್ತಿದ್ದವರು ಆಗ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿದ್ದ ಸಿಸಿಲಿ ಸಾಂಡರ್ಸ್. ಸಾಯುವವರಿಗೆ ನೋವಿಲ್ಲದೆ, ಅವಸರವಿಲ್ಲದೆ ಕೊನೆಯ ದಿನ ಕಳೆಯಲು ಒಂದು ಜಾಗ ಇರಬೇಕು ಅಂತ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಟಾಸ್ಮಾ 500 ಪೌಂಡ್ ಬಿಟ್ಟುಹೋದರು, ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿಯಾಗುತ್ತೇನೆ ಅನ್ನುವ ಅರ್ಥದ ಮಾತಿನೊಂದಿಗೆ. ಸಾಂಡರ್ಸ್ ಆಮೇಲೆ ವೈದ್ಯಕೀಯ ಓದಿ 1957ರಲ್ಲಿ ಡಾಕ್ಟರ್ ಆದರು, ಹಣ ಕೂಡಿಸಿದರು, ಟ್ರಸ್ಟ್‌ಗಳ ಬಾಗಿಲು ತಟ್ಟಿದರು. ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಿದ್ದು 1967ರಲ್ಲಿ. ಜಗತ್ತಿನ ಆಧುನಿಕ ಹಾಸ್ಪಿಸ್ ಚಳವಳಿ ಶುರುವಾಗಿದ್ದು ಅಲ್ಲಿಂದ ಅಂತ ಹೇಳುತ್ತಾರೆ. ಮೊದಲ ಹಣಕ್ಕೂ ಬಾಗಿಲು ತೆರೆದದ್ದಕ್ಕೂ ನಡುವೆ 19 ವರ್ಷ. ಇವತ್ತಿನ ಅನುದಾನದ ನಮೂನೆ ತುಂಬಿಸಿದ್ದರೆ ಏನಾಗುತ್ತಿತ್ತು ನೋಡಿ. ಅವಧಿ: ಹನ್ನೆರಡು ತಿಂಗಳು. ಆರನೇ ತಿಂಗಳಿಗೆ ಮಧ್ಯಂತರ ವರದಿ. ಬಳಸದ ಹಣ ವಾಪಸ್.

ಹಣ ಇನ್ನೊಂದು ರೀತಿಯಲ್ಲೂ ಬರಬಹುದು ಅಂತ ಕೇರಳ ತೋರಿಸಿತು. ಕೋಳಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಕೆಲವು ವೈದ್ಯರು ಸೇರಿ ಉಪಶಾಮಕ ಆರೈಕೆಯ, ಅಂದರೆ ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ, ಒಂದು ಸೊಸೈಟಿ ಕಟ್ಟಿದರು. ರೋಗಿಗಳು ಆಸ್ಪತ್ರೆಗೆ ಬರಲಾರದಷ್ಟು ದುರ್ಬಲರು. ಹಾಗಾಗಿ ಕೆಲಸ ಮನೆಗಳ ಕಡೆಗೆ ತಿರುಗಿತು. ನೆರೆಹೊರೆಯವರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. ಖರ್ಚಿನ ದೊಡ್ಡ ಭಾಗ ಜನರು ಕೊಡುವ ಸಣ್ಣ ಸಣ್ಣ ದೇಣಿಗೆಗಳಿಂದ ಬಂತು. ಕೊಟ್ಟವರಿಗೆ ಅದು ಎಲ್ಲಿಗೆ ಹೋಯಿತು ಅಂತ ವರದಿ ಬೇಕಿರಲಿಲ್ಲ, ಪಕ್ಕದ ಮನೆಗೇ ಹೋಗಿತ್ತಲ್ಲ. 2008ರಲ್ಲಿ ರಾಜ್ಯ ಸರ್ಕಾರ ಉಪಶಾಮಕ ಆರೈಕೆಗೆ ನೀತಿಯೊಂದನ್ನು ತಂದಿತು. ಸ್ಥಳೀಯ ಪಂಚಾಯಿತಿಗಳು ಮನೆ ಆರೈಕೆಯ ಹೊಣೆ ಹೊತ್ತುಕೊಂಡವು. ದಾನದಿಂದ ಶುರುವಾದದ್ದನ್ನು ಸಾರ್ವಜನಿಕ ಹಣ ಕೈಗೆತ್ತಿಕೊಂಡ ಅಪರೂಪದ ಉದಾಹರಣೆ ಇದು. ಪ್ರತಿ ಅರ್ಜಿಯಲ್ಲೂ 'ಸುಸ್ಥಿರತೆ' ಅನ್ನುವ ಕಾಲಂನಲ್ಲಿ ಎಲ್ಲರೂ ಇದನ್ನೇ ಬರೆಯುತ್ತಾರೆ, ಅನುದಾನ ಮುಗಿದ ಮೇಲೆ ಸರ್ಕಾರ ಮುಂದುವರಿಸುತ್ತದೆ ಅಂತ. ಬರೆಯುವವರಿಗೂ ನಂಬಿಕೆ ಇಲ್ಲ, ಓದುವವರಿಗೂ ಇಲ್ಲ. ಕಾಲಂ ಖಾಲಿ ಬಿಡುವಂತಿಲ್ಲ, ಅಷ್ಟೇ.

ಅನುದಾನ ನಿಂತಾಗ ಏನಾಗುತ್ತದೆ ಅನ್ನುವುದನ್ನು ಲಂಡನ್ನಿನ ಕಿಡ್ಸ್ ಕಂಪನಿ ತೋರಿಸಿತು. 1996ರಲ್ಲಿ ಕಮಿಲಾ ಬಾಟ್‌ಮಾಂಗೆಲಿಜ್ ಶುರು ಮಾಡಿದ ಸಂಸ್ಥೆ. ಕಷ್ಟದಲ್ಲಿರುವ ಮಕ್ಕಳು, ಹರೆಯದವರು ತಾವಾಗಿಯೇ ನಡೆದುಕೊಂಡು ಒಳಗೆ ಬರಬಹುದಾಗಿದ್ದ ಜಾಗ. ವರ್ಷಗಟ್ಟಲೆ ಸರ್ಕಾರದ ಅನುದಾನ, ದೊಡ್ಡ ದಾನಿಗಳ ಹಣ ಬಂತು. 2015ರ ಆಗಸ್ಟ್‌ನಲ್ಲಿ, ಸರ್ಕಾರದಿಂದ 30 ಲಕ್ಷ ಪೌಂಡ್ ಬಂದ ಕೆಲವೇ ದಿನಗಳಲ್ಲಿ, ಬಾಗಿಲು ಮುಚ್ಚಿತು. ಕಾರಣಗಳ ಬಗ್ಗೆ ಬೇಕಾದಷ್ಟು ಜಗಳ ಆಗಿದೆ. ಟ್ರಸ್ಟಿಗಳನ್ನು ಅನರ್ಹಗೊಳಿಸಬೇಕೆಂಬ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಆದರೆ ಒಂದು ವಿಷಯ ಎಲ್ಲರೂ ಒಪ್ಪುವಂಥದ್ದು. ಬಂದ ಹಣವೆಲ್ಲ ಬಂದ ಹಾಗೇ ಖರ್ಚಾಗುತ್ತಿತ್ತು, ಕಷ್ಟಕಾಲಕ್ಕೆ ಅಂತ ಕೂಡಿಟ್ಟದ್ದು ತೀರಾ ಕಡಿಮೆ. ಬರುವ ಹಣ ತಡವಾದರೆ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಎಷ್ಟೋ ಮಂದಿ ಅದಾಗಲೇ ಒಮ್ಮೆ ದೊಡ್ಡವರಿಂದ ಕೈಬಿಡಲ್ಪಟ್ಟವರು.

ಹಾಗಾಗಿ ಅನುದಾನ ಕೊಡುವವರ ಕೆಲಸದಲ್ಲಿ ಅತ್ಯಂತ ಕಷ್ಟದ್ದು ನಿಲ್ಲಿಸುವುದು ಅಂತ ನನಗೆ ಅನ್ನಿಸುತ್ತದೆ. ಯಾವ ನಿಧಿಯೂ ಒಬ್ಬರಿಗೇ ಕೊನೆತನಕ ಕೊಡಲಾಗದು. ಹೊಸ ಅರ್ಜಿಗಳು ಬರುತ್ತಲೇ ಇರುತ್ತವೆ, ಅವರಿಗೂ ಬೇಕು. ನಮ್ಮ ಸಮಿತಿಯಲ್ಲಿ ಜಗಳ ಆಡಿ ಆಡಿ ಈಗ ಎರಡು ಪದ್ಧತಿ ಮಾಡಿಕೊಂಡಿದ್ದೇವೆ. ಮುಂದಿನ ವರ್ಷ ಕೊಡುವುದಿಲ್ಲ ಅನ್ನುವುದಿದ್ದರೆ, ಈ ವರ್ಷದ ಕೊನೆಯ ಕಂತು ಹೋಗುವ ಸಾಕಷ್ಟು ಮೊದಲೇ ಫೋನ್ ಮಾಡಿ ಹೇಳುತ್ತೇವೆ. ಪತ್ರ ಆಮೇಲೆ. ಎರಡನೆಯದು, ಕೊನೆಯ ವರ್ಷದ ಹಣದಲ್ಲಿ ಒಂದು ಭಾಗವನ್ನು ಯಾವ ಚಟುವಟಿಕೆಗೂ ಕಟ್ಟದೆ ಕೊಡುತ್ತೇವೆ. ಜನರನ್ನು ಬೇರೆ ಕಡೆ ಸೇರಿಸಲು, ಅವರ ಮನೆಯವರ ಜೊತೆ ಕುಳಿತು ಮಾತಾಡಲು, ಸಿಬ್ಬಂದಿ ಕಡೇ ದಿನದವರೆಗೂ ಉಳಿಯಲು. ಇದಕ್ಕೆ ಬಜೆಟ್‌ನಲ್ಲಿ ಏನು ಹೆಸರಿಡಬೇಕು ಅಂತ ಲೆಕ್ಕ ಪರಿಶೋಧಕರು ಕೇಳಿದರು. ಸಂಬಳ ಅಂತಲೇ ಬರೆಯಿರಿ ಅಂದೆವು.

ವರದಿಯ ನಮೂನೆಯನ್ನೂ ಚಿಕ್ಕದು ಮಾಡಿದ್ದೇವೆ. ಎಷ್ಟು ಜನ ಬಂದರು ಅನ್ನುವ ಪ್ರಶ್ನೆ ಇದೆ, ತೆಗೆದಿಲ್ಲ. ಅದರ ಕೆಳಗೆ ಇನ್ನೊಂದು ಸೇರಿಸಿದ್ದೇವೆ: ಕಳೆದ ವರ್ಷ ಇದ್ದ ಸಿಬ್ಬಂದಿಯಲ್ಲಿ ಈಗಲೂ ಎಷ್ಟು ಜನ ಇದ್ದಾರೆ? ಹೋದವರು ಯಾಕೆ ಹೋದರು? ಈ ಪ್ರಶ್ನೆಗೆ ಬರುವ ಉತ್ತರಗಳು ಮೊದಲ ಪುಟದ ಭಾಷೆಯಲ್ಲಿ ಇರುವುದಿಲ್ಲ. 'ಬೇರೆ ಕಡೆ ಸ್ವಲ್ಪ ಜಾಸ್ತಿ ಸಂಬಳ ಸಿಕ್ಕಿತು, ಹೋದರು' ಅಂತ ಒಂದೇ ಸಾಲು ಬರೆದಿರುತ್ತಾರೆ. ಎಷ್ಟು ಜಾಸ್ತಿ ಅಂತ ವಿಚಾರಿಸಿದರೆ, ಅದು ನಾವು ಕೊಟ್ಟ ಕಂಪ್ಯೂಟರ್‌ಗಳ ಬೆಲೆಗಿಂತ ಕಡಿಮೆಯೇ ಇರುತ್ತದೆ.